ಹಗ್ಗ ಎಲುಬಾಗುವ ಜಾಗ

ಶಾಲೆಯ ಕ್ರೀಡಾಕೂಟದ ದಿನಗಳು ಹತ್ತಿರ ಬಂದವೆಂದರೆ ಗೋಕಾಕ ಸೀಮೆಯ ಕೌಜಲಗಿಯಂಥ ಊರಿನ ಮನೆಗಳಲ್ಲಿ ಸಂಜೆ ಹೊತ್ತು ಇಂಥ ಮಾತು ಕೇಳಿಬರುವುದುಂಟು.

"ಯಪ್ಪಾ, ಹಿಮ್ಮಡ ಭಾಳ ನೋಯಾಕತ್ತೈತಿ."

"ಏನೂ ಆಗಿಲ್ಲ ಬಿಡೋ ತಮ್ಮಾ. ನರ ಹಿಡದಿರಬೇಕು. ನಿಮ್ಮವ್ವಗ ಹೇಳು, ಎಣ್ಣಿ ಹಚ್ಚಿ ಗಟ್ಟಿಯಾಗಿ ತಿಕ್ಕತಾಳ."

ಮೂಲೆಯಲ್ಲಿ ಕುಳಿತ ಅಜ್ಜಿಯದೂ ಒಂದು ಮಾತು ಸೇರುತ್ತದೆ: "ಓದಾಕ ಕುಂತಾಗಷ್ಟ ನೋಯ್ತೈತಿ ಅದು. ಆಡೂಮುಂದ ನೋಯೂದಿಲ್ಲ."

ಅಜ್ಜಿ ಕಂಡದ್ದು ಸುಳ್ಳಲ್ಲ. ಆಟದ ಹುರುಪಿನಲ್ಲಿ ಮರೆತ ನೋವು ಮೈ ತಣ್ಣಗಾದ ಮೇಲೆ ತಲೆ ಎತ್ತುತ್ತದೆ. ಆದರೆ ಹುಡುಗ ಕಳ್ಳನೆಂಬ ತೀರ್ಮಾನ ಮಾತ್ರ ತಪ್ಪು. ಅವನ ಹಿಮ್ಮಡಿಯಲ್ಲಿ ನಡೆಯುತ್ತಿರುವುದು ಎಂಜಿನಿಯರುಗಳಿಗೂ ಬೆವರಿಳಿಸುವ ಒಂದು ಸಮಸ್ಯೆ. ಮೆತ್ತನೆಯ ಹಗ್ಗವನ್ನು ಗಟ್ಟಿ ಕಲ್ಲಿಗೆ, ಹರಿಯದಂತೆ, ಜೀವಮಾನವಿಡೀ ಬಾಳುವಂತೆ ಜೋಡಿಸುವುದು ಹೇಗೆ?

ಮೊದಲು ಈ 'ನರ' ಎಂಬ ಮಾತನ್ನು ಬಿಡಿಸಿಕೊಳ್ಳಬೇಕು. ನಮ್ಮ ಮಾತಿನಲ್ಲಿ ಸೂಜಿ ಚುಚ್ಚುವ ರಕ್ತನಾಳವೂ ನರ, ಮಿದುಳಿನಿಂದ ಸುದ್ದಿ ಒಯ್ಯುವ ತಂತುವೂ ನರ, ಹಿಮ್ಮಡಿಯ ಮೇಲೆ ಬಿಗಿದ ದಾರದಂತೆ ಕೈಗೆ ಸಿಗುವುದೂ ನರ. ಮೂರೂ ಬೇರೆ ಬೇರೆ ವಸ್ತುಗಳು. ಕೊನೆಯದಕ್ಕೆ ಪುಸ್ತಕದ ಹೆಸರು ಸ್ನಾಯುರಜ್ಜು. ಅದರಲ್ಲಿ ರಕ್ತ ಹರಿಯುವುದು ಬಹಳ ಕಡಿಮೆ, ಸುದ್ದಿ ಒಯ್ಯುವುದು ಅದರ ಕೆಲಸವಲ್ಲ. ಸ್ನಾಯು ಎಳೆದಾಗ ಆ ಎಳೆತವನ್ನು ಎಲುಬಿಗೆ ಮುಟ್ಟಿಸುವುದು ಅದರ ಉದ್ಯೋಗ. ಮೀನಖಂಡದಿಂದ ಇಳಿದು ಹಿಮ್ಮಡಿ ಎಲುಬಿಗೆ ಕೂಡುವ ರಜ್ಜು ದೇಹದಲ್ಲೇ ಅತ್ಯಂತ ದಪ್ಪದ್ದು. ಗ್ರೀಕರ ವೀರ ಅಖಿಲೀಸನ ಹೆಸರು ಅದಕ್ಕೆ ಅಂಟಿಕೊಂಡಿದೆ. ಅವನಿಗೆ ಬಾಣ ತಾಗಿದ್ದು ಹಿಮ್ಮಡಿಗೆ. ನಮ್ಮ ಕೃಷ್ಣನಿಗೆ ಬೇಡನ ಬಾಣ ತಾಗಿದ್ದು ಅಂಗಾಲಿಗೆ. ದೂರದ ಎರಡು ನಾಡಿನವರೂ ದೊಡ್ಡವರ ಸಾವನ್ನು ಕಾಲಿನಲ್ಲೇ ಇಟ್ಟದ್ದು ಕುತೂಹಲದ ಸಂಗತಿ.

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅಂಗಾಂಶಗಳ ಪಾಠ ಬರುತ್ತದೆ. ಸ್ನಾಯುವನ್ನು ಎಲುಬಿಗೆ ಜೋಡಿಸುವುದು ಸ್ನಾಯುರಜ್ಜು, ಎಲುಬನ್ನು ಎಲುಬಿಗೆ ಜೋಡಿಸುವುದು ಅಸ್ಥಿರಜ್ಜು ಎಂದು ಬರೆದರೆ ಅಂಕ ಸಿಕ್ಕಿತು. 'ಜೋಡಿಸುವುದು' ಎಂಬ ಆ ಒಂದು ಪದದೊಳಗೆ ಏನಿದೆ ಎಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಹಿಮ್ಮಡಿಯ ನೋವು ಕೇಳುತ್ತದೆ.

ತುದಿಗಾಲಿನ ಮೇಲೊಂದು ಜೋಳದ ಚೀಲ

ಸ್ವಲ್ಪ ಲೆಕ್ಕ ಮಾಡೋಣ. 40 ಕಿಲೋ ತೂಕದ ಹುಡುಗ ಒಂದೇ ಕಾಲಿನ ತುದಿಯ ಮೇಲೆ ನಿಂತಿದ್ದಾನೆ. ಪಾದ ಒಂದು ಸನ್ನೆಗೋಲು. ಬೆರಳುಗಳ ಬುಡದಿಂದ ಪಾದದ ಕೀಲಿಗೆ ಇರುವ ದೂರವು ಕೀಲಿನಿಂದ ಹಿಂದಕ್ಕೆ ರಜ್ಜು ಕೂಡುವ ಜಾಗಕ್ಕಿರುವ ದೂರದ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಹಾಗಾಗಿ ಮೈಭಾರವನ್ನು ಎತ್ತಿ ಹಿಡಿಯಲು ರಜ್ಜು ಅದರ ಎರಡೂವರೆ ಪಟ್ಟು ಎಳೆಯಬೇಕು. ಅಂದರೆ 100 ಕಿಲೋ, ಒಂದು ಕ್ವಿಂಟಲ್ ಜೋಳದ ಚೀಲ! ಇದು ಸುಮ್ಮನೆ ನಿಂತಾಗಿನ ಮಾತು.

ಓಡುವಾಗ? ಫಿನ್ಲೆಂಡಿನ ವಿಜ್ಞಾನಿ ಪಾವೊ ಕೋಮಿ ಮತ್ತು ಸಂಗಡಿಗರು ಒಪ್ಪಿಗೆ ಕೊಟ್ಟ ಓಟಗಾರರ ಹಿಮ್ಮಡಿಯ ರಜ್ಜಿಗೇ ಬಕಲ್ಲಿನ ಆಕಾರದ ಪುಟ್ಟ ಮಾಪಕ ತೊಡಿಸಿ ಓಡಿಸಿದರು. 1990ರಲ್ಲಿ ಕೋಮಿ ಪ್ರಕಟಿಸಿದ ಅಳತೆಯಲ್ಲಿ ಗರಿಷ್ಠ ಎಳೆತ ಸುಮಾರು 9,000 ನ್ಯೂಟನ್, ದೇಹತೂಕದ ಹನ್ನೆರಡೂವರೆ ಪಟ್ಟು. ಹೆಬ್ಬೆರಳಿಗಿಂತ ತೆಳ್ಳಗಿನ ಹಗ್ಗವೊಂದು ಪ್ರತಿ ಹೆಜ್ಜೆಗೂ ಹೊತ್ತ ಭಾರ ಇದು.

ಹಗ್ಗ ಗಟ್ಟಿ, ಒಪ್ಪೋಣ. ಆದರೆ ಹಗ್ಗ ಹರಿಯುವುದು ಎಲ್ಲಿ? ಬಾವಿಯ ಹಗ್ಗ ಸವೆಯುವುದು ಕೊಡದ ಕೊರಳಿಗೆ ಗಂಟು ಹಾಕಿದ ಕಡೆ. ಬಾರಕೋಲಿನ ಬಾರು ಕಿತ್ತು ಬರುವುದು ಕೋಲಿಗೆ ಕಟ್ಟಿದ ಕಡೆ. ಇವೆರಡನ್ನೂ ಕಾಣದ ಪಟ್ಟಣದ ಮಕ್ಕಳು ಮೊಬೈಲಿನ ಚಾರ್ಜರು ನೋಡಿದರೆ ಸಾಕು. ವೈರು ನಡುವೆ ಎಲ್ಲೂ ಕೆಡುವುದಿಲ್ಲ, ಪಿನ್ನಿನ ಬುಡದಲ್ಲೇ ಒಡೆಯುತ್ತದೆ. ಗೋಕಾಕ ಫಾಲ್ಸಿನ ತೂಗುಸೇತುವೆಯನ್ನು ಕಂಡವರು ಅದರ ಉದ್ದಕ್ಕೆ ಬೆರಗಾಗುತ್ತಾರೆ. ಅಂಥ ಸೇತುವೆ ಕಟ್ಟುವವನ ಕಣ್ಣು ಮಾತ್ರ ಹಗ್ಗ ದಡಕ್ಕೆ ಸೇರುವ ತುದಿಯ ಮೇಲಿರುತ್ತದೆ.

ಕಾರಣ ಸರಳ. ಎಳೆದಾಗ ಮೆತ್ತನೆಯದು ಹಿಗ್ಗುತ್ತದೆ, ಗಟ್ಟಿಯಾದದ್ದು ಹಿಗ್ಗುವುದಿಲ್ಲ. ಉದ್ದಕ್ಕೆ ಎಳೆದು ನೋಡಿದರೆ ಎಲುಬು ರಜ್ಜಿಗಿಂತ ಸುಮಾರು ಇಪ್ಪತ್ತು ಪಟ್ಟು ಬಿರುಸು. ಜೋರಾಗಿ ಎಳೆದಾಗ ರಜ್ಜು ನೂರಕ್ಕೆ ನಾಲ್ಕೈದು ಭಾಗ ಉದ್ದವಾಗಬಲ್ಲದು. ಉದ್ದವಾಗುತ್ತ ಅಡ್ಡಡ್ಡಕ್ಕೆ ತೆಳ್ಳಗೂ ಆಗುತ್ತದೆ, ರಬ್ಬರ್ ಬ್ಯಾಂಡಿನ ಹಾಗೆ. ಅದಕ್ಕೆ ಅಂಟಿಕೊಂಡ ಎಲುಬು ತೆಳ್ಳಗಾಗಲು ಒಲ್ಲದು. ಹೀಗೆ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ಇಬ್ಬರ ಜಗಳ ನಡೆಯುವುದು ಗಡಿಯಲ್ಲಿ. ಒತ್ತಡವೆಲ್ಲ ಆ ಗಡಿಯ ಅಂಚಿಗೆ ಬಂದು ಗುಂಪುಗೂಡುತ್ತದೆ. ಎಂಥ ಒಳ್ಳೆಯ ಅಂಟು ಹಾಕಿದರೂ ಅಂಚಿನಿಂದಲೇ ಬಿಚ್ಚಲು ಶುರು.

ದೇಹ ಅಂಟು ಹಾಕುವುದೇ ಇಲ್ಲ. ಗಂಟನ್ನೂ ಹಾಕುವುದಿಲ್ಲ.

ಒಂದೇ ನೂಲು, ಎರಡು ಬಟ್ಟೆ

ಇಲ್ಲಿ ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಮಾಂಸ ತಿನ್ನುವ ಮನೆಯಾದರೆ ಸುಲಭ. ಕೋಳಿಯ ಕಾಲಿನ ಎಲುಬೊಂದನ್ನು ಚೆನ್ನಾಗಿ ತೊಳೆದು ಗಾಜಿನ ಬಾಟಲಿಯಲ್ಲಿ ವಿನೆಗರ್ ತುಂಬಿ ಮುಳುಗಿಸಿಡಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಾಯಿಸಿ. ವಾರದ ಹೊತ್ತಿಗೆ ಎಲುಬು ಆಕಾರ ಕೆಡದೆ ಹಾಗೇ ಇರುತ್ತದೆ, ಆದರೆ ಬೆರಳಿನಿಂದ ಬಗ್ಗಿಸಿದರೆ ಬಗ್ಗುತ್ತದೆ! ಹುಳಿಯು ಎಲುಬಿನ ಖನಿಜವನ್ನು, ಅಂದರೆ ಕ್ಯಾಲ್ಸಿಯಂ ಮತ್ತು ರಂಜಕದ ಹರಳುಗಳನ್ನು ಕರಗಿಸಿ ಒಯ್ದಿದೆ. ಉಳಿದದ್ದು ಕೊಲಾಜೆನ್ ಎಂಬ ನಾರು.

ರಜ್ಜು ಕೂಡ ಮುಖ್ಯವಾಗಿ ಇದೇ ಕೊಲಾಜೆನ್ನಿನಿಂದ ಆದದ್ದು. ಸೀರೆ ನೇಯುವ ನೂಲಿನಿಂದಲೇ ಜಮಖಾನೆಯನ್ನೂ ನೇದಂತೆ. ರಜ್ಜಿನಲ್ಲಿ ಆ ನಾರುಗಳು ಒಂದರ ಪಕ್ಕ ಒಂದು ನೇರವಾಗಿ ಮಲಗಿವೆ. ಎಲುಬಿನಲ್ಲಿ ಅದೇ ನಾರಿನ ನಡುವೆ ಖನಿಜ ತುಂಬಿದೆ; ತೂಕದಲ್ಲಿ ಮೂರರಲ್ಲಿ ಎರಡು ಪಾಲು ಖನಿಜವೇ. ಗಂಜಿ ಹಾಕದ ಪಂಚೆ ರಜ್ಜು, ಗಂಜಿ ಹಾಕಿ ಕಲ್ಲಾದ ಪಂಚೆ ಎಲುಬು. ಪಂಚೆಯ ಒಂದು ತುದಿಯನ್ನಷ್ಟೇ ಗಂಜಿಯಲ್ಲಿ ಅದ್ದಿದರೆ ಏನಾಗುತ್ತದೆ? ಗಂಜಿ ಮೇಲಕ್ಕೆ ಹೀರಿಕೊಂಡು, ಬಿರುಸು ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ. ಇಲ್ಲಿ ಮೆತ್ತಗೆ ಮುಗಿಯಿತು, ಅಲ್ಲಿ ಗಟ್ಟಿ ಶುರುವಾಯಿತು ಎಂದು ಗೆರೆ ಎಳೆಯಲು ಬಾರದು. ದೇಹದ ಉಪಾಯದ ತಿರುಳು ಇದೇ. ಅಲ್ಲಿ ಎರಡು ವಸ್ತುಗಳ ಜೋಡಣೆಯೇ ಇಲ್ಲ. ಒಂದು ಮತ್ತೊಂದಾಗಿ ಮಾರ್ಪಡುತ್ತದೆ.

ಈ ಮಾರ್ಪಾಡಿನ ಜಾಗಕ್ಕೆ ವೈದ್ಯರು ಎಂಥೆಸಿಸ್ ಎನ್ನುತ್ತಾರೆ. ಅಮೆರಿಕದ ಕೂಪರ್ ಮತ್ತು ಮಿಸೋಲ್ 1970ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿ ನಾಲ್ಕು ವಲಯಗಳನ್ನು ವಿವರಿಸಿದರು. ಮೊದಲು ಬರಿಯ ರಜ್ಜು. ನಂತರ ನಾರು ಮತ್ತು ಮೃದ್ವಸ್ಥಿ ಬೆರೆತ ಪದರ; ಮೃದ್ವಸ್ಥಿ ಎಂದರೆ ಕಿವಿಯ ಹಾಲೆಯ ಮೇಲಿನ ಭಾಗದಲ್ಲಿ ಕೈಗೆ ಸಿಗುವ ಬಳುಕುವ ಎಲುಬು. ಮೂರನೆಯದು ಅದೇ ನಾರುಮೃದ್ವಸ್ಥಿ, ಆದರೆ ಖನಿಜ ಸೇರಿದ್ದು. ನಾಲ್ಕನೆಯದು ಎಲುಬು. ಹಿಮ್ಮಡಿ, ಮೊಣಕಾಲ ಚಿಪ್ಪು, ಭುಜ ಮುಂತಾಗಿ ಕೀಲಿನ ಹತ್ತಿರ ಕೂಡುವ ರಜ್ಜುಗಳಲ್ಲೆಲ್ಲ ಇದೇ ಕ್ರಮ. ಇಷ್ಟು ದೊಡ್ಡ ನಾಟಕ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಗಲದೊಳಗೆ ನಡೆದುಹೋಗುತ್ತದೆ.

ಎರಡನೆಯ ಪದರದ ಕೆಲಸ ನೋಡಬೇಕು. ಕಾಲು ಮಡಚಿ ಬಿಡಿಸುವಾಗ ರಜ್ಜು ಎಲುಬಿಗೆ ಕೂಡುವ ಕೋನ ಬದಲಾಗುತ್ತಲೇ ಇರುತ್ತದೆ. ನಾರು ಗಟ್ಟಿ ಗಡಿಯಲ್ಲೇ ಬಗ್ಗಿದರೆ ಚಾರ್ಜರಿನ ವೈರಿನ ಗತಿಯೇ. ಮೃದ್ವಸ್ಥಿಯ ಪದರವು ಆ ಬಾಗನ್ನು ಗಡಿಯಿಂದ ತುಸು ದೂರಕ್ಕೆ ಹಂಚುತ್ತದೆ. ಎಳೆದಾಗ ರಜ್ಜು ಥಟ್ಟನೆ ತೆಳ್ಳಗಾಗದಂತೆಯೂ ತಡೆಯುತ್ತದೆ. ಪ್ಲಗ್ಗಿನ ಬುಡದಲ್ಲಿ ವೈರಿನ ಸುತ್ತ ರಬ್ಬರಿನ ತೋಳು ತೊಡಿಸಿರುತ್ತಾರಲ್ಲ, ಅದಕ್ಕೂ ಇದಕ್ಕೂ ಹೋಲಿಕೆಯನ್ನು ಅಂಗರಚನಾ ಶಾಸ್ತ್ರಜ್ಞರೇ ಕೊಡುತ್ತಾರೆ.

ಮೂರನೆಯ ಪದರ ಎಲುಬಿಗೆ ಕೂಡುವ ಗಡಿ ಸಪಾಟಾಗಿಲ್ಲ. ಬಡಗಿ ಎರಡು ಹಲಗೆಗಳಿಗೆ ಹಲ್ಲು ಕತ್ತರಿಸಿ ಒಂದರೊಳಗೊಂದು ಕೂಡಿಸಿದಂತೆ ಏರಿಳಿತಗಳಿಂದ ಹೆಣೆದುಕೊಂಡಿದೆ. ಸಾಲದ್ದಕ್ಕೆ, ರಜ್ಜು ಎಲುಬಿಗೆ ಬರುತ್ತಾ ಹುಣಸೆ ಮರದ ಬುಡದಂತೆ ಅಗಲವಾಗುತ್ತದೆ. ಅದೇ ಎಳೆತ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಹಿಮ್ಮಡಿಯಲ್ಲಂತೂ ಎಲುಬಿನ ಮೇಲ್ತುದಿಯೇ ರಾಟೆಯಾಗಿ, ರಜ್ಜು ಅದರ ಮೇಲೆ ಒರಗಿ ಹೋಗುತ್ತದೆ. ಉಜ್ಜದಿರಲಿ ಎಂದು ನಡುವೆ ಪುಟ್ಟ ದ್ರವದ ಚೀಲ, ಮೇಲೊಂದಿಷ್ಟು ಕೊಬ್ಬು. 2001ರಲ್ಲಿ ಬ್ರಿಟನ್ನಿನ ಮೈಕೆಲ್ ಬೆಂಜಮಿನ್ ಮತ್ತು ಡೆನಿಸ್ ಮೆಗಾನಗಲ್ ಇದನ್ನೆಲ್ಲ ಒಟ್ಟಾಗಿ ಒಂದು ಅಂಗವೆಂದೇ ಎಣಿಸಬೇಕೆಂದು ವಾದಿಸಿದರು. ಕೆಲವು ಬಗೆಯ ವಾತರೋಗ ಕೀಲಿಗಿಂತ ಮೊದಲು ಇದೇ ಜಾಗದಲ್ಲಿ ಏಕೆ ಶುರುವಾಗುತ್ತದೆ ಎಂಬುದಕ್ಕೆ ಅವರಿಗೆ ಸಿಕ್ಕ ಉತ್ತರ ಅದು.

ಉದ್ದ ಎಲುಬುಗಳ ನಡುಭಾಗಕ್ಕೆ ಕೂಡುವ ಕೆಲವು ರಜ್ಜುಗಳ ರೀತಿ ಬೇರೆ. ಅಲ್ಲಿ ಮೃದ್ವಸ್ಥಿಯಿಲ್ಲ, ನಾರುಗಳು ಬೇರಿನಂತೆ ನೇರ ಎಲುಬಿನೊಳಗೇ ಇಳಿದುಹೋಗಿವೆ. ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನ ಅಂಗರಚನಾ ಶಾಸ್ತ್ರಜ್ಞ ವಿಲಿಯಂ ಶಾರ್ಪಿಯ ಹೆಸರು ಈ ನಾರುಗಳಿಗೆ ಇದೆ. ನಮ್ಮ ಹಲ್ಲುಗಳನ್ನು ದವಡೆಯಲ್ಲಿ ಹಿಡಿದು ನಿಲ್ಲಿಸಿರುವುದೂ ಇಂಥವೇ.

ಈ ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಗದಗ ಜಿಲ್ಲೆಯ ಮುಂಡರಗಿಯಂಥ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ರಜ್ಜುಗಳು ಎಲುಬಿಗೆ ಕೂಡುವ ಜಾಗದಲ್ಲಿ ಖನಿಜ ಗಡಿ ದಾಟಿ ರಜ್ಜಿನೊಳಗೇ ಏರಬಹುದು. ಬೆನ್ನು ಬಗ್ಗದು, ಕಾಲು ಮಡಚಲಾರದು. ಗಂಜಿ ಇಡೀ ಪಂಚೆಗೆ ಹತ್ತಿದಂತೆ.

ಬೆಳೆಯುವ ಮಕ್ಕಳ ಮಾತು ಬೇರೆ

ಇಷ್ಟು ಹೊತ್ತು ಹೇಳಿದ್ದು ಬೆಳೆದು ನಿಂತವರ ಕತೆ. ಹನ್ನೆರಡು ವರ್ಷದ ಹುಡುಗನ ಹಿಮ್ಮಡಿ ಹೀಗಿಲ್ಲ. ಅವನ ಎಲುಬು ಇನ್ನೂ ಕಟ್ಟಡ ನಡೆಯುತ್ತಿರುವ ಮನೆ. ರಜ್ಜು ಬಂದು ಕೂಡುವ ಎಲುಬಿನ ತುದಿ ಒಂದು ಪ್ರತ್ಯೇಕ ತುಂಡಾಗಿರುತ್ತದೆ. ಅದಕ್ಕೂ ಮೂಲ ಎಲುಬಿಗೂ ನಡುವೆ ಬೆಳೆಯುವ ಮೃದ್ವಸ್ಥಿಯ ಪದರ ಇರುತ್ತದೆ. ದೊಡ್ಡವರಲ್ಲಿ ಜೋರಾಗಿ ಎಳೆದರೆ ರಜ್ಜು ಹರಿಯಬಹುದು. ಮಕ್ಕಳಲ್ಲಿ ರಜ್ಜು ಗಟ್ಟಿ, ಈ ಎಳೆಯ ಪದರವೇ ದುರ್ಬಲ. ಹೊಸ ಗಾರೆ ಒಣಗುವ ಮೊದಲೇ ಗೋಡೆಯ ಗೂಟಕ್ಕೆ ಎತ್ತು ಕಟ್ಟಿದ ಹಾಗೆ. ಮೈ ಸರ್ರನೆ ಎತ್ತರವಾಗುವ ವರ್ಷಗಳಲ್ಲಿ ಎಲುಬು ಉದ್ದವಾದ ವೇಗಕ್ಕೆ ಸ್ನಾಯುಗಳು ಬಿಗಿಯಾಗಿ, ಎಳೆತ ಇನ್ನಷ್ಟು ಹೆಚ್ಚುತ್ತದೆ.

ಮೊಣಕಾಲ ಚಿಪ್ಪಿನ ಕೆಳಗೆ, ಕೆಳಗಾಲಿನ ಎಲುಬಿನ ಮುಂಭಾಗದಲ್ಲಿ ಇಂಥ ನೋವು ಮತ್ತು ಗಂಟು ಕಾಣಿಸಿಕೊಳ್ಳುವುದನ್ನು 1903ರಲ್ಲಿ ಬಾಸ್ಟನ್ನಿನ ರಾಬರ್ಟ್ ಆಸ್‌ಗುಡ್ ಮತ್ತು ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಬೇರೆ ಬೇರೆಯಾಗಿ ವಿವರಿಸಿದರು. ಹಿಮ್ಮಡಿಯ ನೋವನ್ನು 1912ರಲ್ಲಿ ವಿವರಿಸಿದವರು ಜೇಮ್ಸ್ ಸೀವರ್. ಹೆಸರುಗಳಲ್ಲಿ 'ರೋಗ' ಎಂದು ಸೇರಿಕೊಂಡಿದ್ದರೂ ಇವು ರೋಗಕ್ಕಿಂತ ಹೆಚ್ಚಾಗಿ ದುಡಿತದ ಗಾಯಗಳು. ಹಿಮ್ಮಡಿಯದು ಸಾಮಾನ್ಯವಾಗಿ ಎಂಟರಿಂದ ಹದಿನಾಲ್ಕರೊಳಗಿನ ಮಕ್ಕಳಿಗೆ, ಮೊಣಕಾಲಿನದು ಅದಕ್ಕಿಂತ ತುಸು ದೊಡ್ಡವರಿಗೆ ಬರುತ್ತದೆ. ಹುಡುಗಿಯರು ಮೊದಲು ಬೆಳೆಯುವುದರಿಂದ ಅವರಿಗೆ ಒಂದೆರಡು ವರ್ಷ ಮುಂಚೆ. ಓಡುವ, ಜಿಗಿಯುವ ಮಕ್ಕಳಲ್ಲೇ ಹೆಚ್ಚು. ನಮ್ಮ ಖೋಖೋ ನೋಡಿ: ಕುಕ್ಕರಗಾಲಿನಲ್ಲಿ ಕುಳಿತವನು 'ಖೋ' ಎಂದೊಡನೆ ಸಿಡಿದೇಳಬೇಕು. ತೊಡೆಯ ಸ್ನಾಯುವಿನ ಪೂರ್ತಿ ಎಳೆತ ಮೊಣಕಾಲ ಕೆಳಗಿನ ರೂಪಾಯಿ ನಾಣ್ಯದಷ್ಟು ಜಾಗದ ಮೇಲೆ. ಕಬಡ್ಡಿ, ಉದ್ದ ಜಿಗಿತ, ಕುಸ್ತಿ ಮನೆಯ ಬೈಠಕ್ಕುಗಳೂ ಕಡಿಮೆಯೇನಲ್ಲ.

ಇಂಥ ಜಾಗವನ್ನು 'ನರ ಬಿಡಿಸುತ್ತೇವೆ' ಎಂದು ಹೆಬ್ಬೆರಳಿನಿಂದ ಒತ್ತಿ ತಿಕ್ಕುವುದರಿಂದ ಆಗುವ ಲಾಭವೇನು? ಅಲ್ಲಿ ಬಿಡಿಸಲು ಯಾವ ನರವೂ ಗಂಟಾಗಿಲ್ಲ. ಮೊದಲೇ ಎಳೆತದಿಂದ ನೊಂದ ಎಳೆಯ ಪದರಕ್ಕೆ ಮೇಲಿಂದ ಪೆಟ್ಟು ಸೇರುತ್ತದೆ, ಅಷ್ಟೇ. ಮೀನಖಂಡಕ್ಕೂ ತೊಡೆಗೂ ಹಗುರವಾಗಿ ಎಣ್ಣೆ ನೀವಿದರೆ ತೊಂದರೆಯಿಲ್ಲ, ಹಿತವಾಗಲೂಬಹುದು. ನೋಯುವ ಎಲುಬಿನ ಮೇಲೆ ಬೇಡ. ಬಿಸಿ ಕಬ್ಬಿಣದಿಂದ ಚುಟಿಗೆ ಹಾಕಿಸುವುದಂತೂ ಬೇಡವೇ ಬೇಡ.

ಹಾಗಾದರೆ ಆಟ ಬಿಡಿಸಿ ಕೂರಿಸುವುದೇ? ಅದೂ ಸರಿಯಲ್ಲ. ಅಮೆರಿಕದ ಸೇಂಟ್ ಲೂಯಿಯಲ್ಲಿ ಸ್ಟಾವ್ರೊಸ್ ಥೊಮೊಪೌಲೊಸ್ ಅವರ ತಂಡ ಹುಟ್ಟಿದ ಇಲಿಮರಿಗಳ ಭುಜದ ಸ್ನಾಯುವಿಗೆ ಬಟುಲಿನಂ ಚುಚ್ಚಿ ಅದು ಎಳೆಯದಂತೆ ಮಾಡಿ ನೋಡಿತು. ಎಳೆತವೇ ಕಾಣದ ಭುಜದಲ್ಲಿ ಆ ಪದರಗಳು ಸರಿಯಾಗಿ ಮೂಡಲೇ ಇಲ್ಲ, ಖನಿಜವೂ ಕಡಿಮೆ ಬಿತ್ತು. ಜೋಡಣೆಯನ್ನು ಕಟ್ಟುವ ಮೇಸ್ತ್ರಿ ಎಳೆತವೇ. ಅಳತೆ ಮೀರಿದಾಗ ಅದೇ ಕೆಡವುವವನೂ ಆಗುತ್ತಾನೆ.

ಆದ್ದರಿಂದ ವೈದ್ಯರು ಕೊಡುವ ಸಲಹೆ ನಡುದಾರಿಯದು. ನೋವು ಹೆಚ್ಚಿಸುವ ಜಿಗಿತ ಮತ್ತು ವೇಗದ ಓಟವನ್ನು ಕೆಲವು ವಾರ ಕಡಿಮೆ ಮಾಡುವುದು. ನಡಿಗೆ, ಸೈಕಲ್ಲು, ಈಜು ನೋಯದಿದ್ದರೆ ಮುಂದುವರಿಸುವುದು. ಆಟ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡುವುದು. ಹಿಮ್ಮಡಿ ನೋಯುವವರು ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ಓಡದೆ ಹಿಮ್ಮಡಿಗೆ ಮೆತ್ತೆಯಿರುವ ಬೂಟು ಹಾಕುವುದು. ನೋವು ತಗ್ಗಿದ ಮೇಲೆ ತೊಡೆ, ಮೀನಖಂಡಗಳನ್ನು ನಿಧಾನವಾಗಿ ಚಾಚುವ ವ್ಯಾಯಾಮ. ಮರುದಿನ ಬೆಳಿಗ್ಗೆ ಕುಂಟುತ್ತಿದ್ದರೆ ಹಿಂದಿನ ದಿನದ ಆಟ ಹೆಚ್ಚಾಯಿತೆಂದು ಲೆಕ್ಕ. ವೇಳಾಪಟ್ಟಿ ಹಾಕುವ ದೈಹಿಕ ಶಿಕ್ಷಕರಿಗೆ ಪಾಲಕರು ಹೋಗಿ ಇದನ್ನು ಹೇಳಬೇಕು. ಹುಡುಗ ತಾನೇ ಹೇಳಲಾರ, ತಂಡದಿಂದ ಕೈಬಿಟ್ಟಾರೆಂಬ ಅಂಜಿಕೆ ಅವನಿಗೆ.

ಕೆಲವು ಲಕ್ಷಣಗಳಿದ್ದರೆ ಕಾಯಬಾರದು. ಜಿಗಿದಾಗ 'ಟಪ್' ಎಂದು ಸದ್ದಾಗಿ ಕಾಲೂರಲು ಆಗದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಿದ್ದರೆ, ಜ್ವರ ಅಥವಾ ಕೆಂಪಾದ ಬಾವಿದ್ದರೆ, ಕೂಡಲೇ ಎಲುಬಿನ ವೈದ್ಯರ ಹತ್ತಿರ ಹೋಗಬೇಕು. ಅದು ಎಲುಬಿನ ತುಂಡೇ ಕಿತ್ತು ಬಂದದ್ದಿರಬಹುದು, ಇಲ್ಲವೆ ಸೋಂಕು ಮೊದಲಾದ ಬೇರೆಯೇ ಕಾಯಿಲೆಯಿರಬಹುದು.

ಹೊಲಿದರೆ ಸಾಲದು

ದೊಡ್ಡವರಲ್ಲಿ ಈ ಜೋಡಣೆ ಕಿತ್ತರೆ? ನಮ್ಮ ಮೈಸೂರಿನ ವೇಗದ ಬೌಲರ್ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ರಜ್ಜುಗಳ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡರು, ಶಸ್ತ್ರಚಿಕಿತ್ಸೆಗೂ ಒಳಗಾದರು. ಮರಳಿ ಬಂದು 2003ರ ವಿಶ್ವಕಪ್ಪಿನವರೆಗೂ ಚೆಂಡೆಸೆದರು. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 2023ರ ಮೇ ತಿಂಗಳಲ್ಲಿ ಚೆಂಡಿನ ಹಿಂದೆ ಓಡುತ್ತ ತೊಡೆಯ ರಜ್ಜು ಹರಿದುಕೊಂಡು, ಶಸ್ತ್ರಚಿಕಿತ್ಸೆಯ ಬಳಿಕ ಅದೇ ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಶತಕ ಹೊಡೆದರು. ಇಂಥ ಸುದ್ದಿ ಓದಿದಾಗ ಹರಿದದ್ದನ್ನು ಹೊಲಿದರೆ ಮುಗಿಯಿತು ಅನ್ನಿಸುತ್ತದೆ.

ಅದು ಅಷ್ಟು ಸುಲಭವಲ್ಲ. ಶಸ್ತ್ರವೈದ್ಯರು ಭುಜದಲ್ಲಿ ಕಿತ್ತ ರಜ್ಜನ್ನು ಎಲುಬಿಗೆ ಮತ್ತೆ ಬಿಗಿದು ಹೊಲಿಯಬಲ್ಲರು. ಆದರೆ ಆ ಒಂದು ಮಿಲಿಮೀಟರಿನ ನಾಲ್ಕು ಪದರ ಮೊದಲಿನಂತೆ ಮತ್ತೆ ಮೂಡುವುದಿಲ್ಲ. ಅಲ್ಲಿ ಗಾಯ ಮಾಯ್ದ ಕಲೆಯಂಥ ಅಂಗಾಂಶ ತುಂಬಿಕೊಳ್ಳುತ್ತದೆ. ಅದಕ್ಕೇ ಭುಜದ ದೊಡ್ಡ ಗಾಯಗಳು, ವಯಸ್ಸಾದವರಲ್ಲಿ ಮುಖ್ಯವಾಗಿ, ಹೊಲಿದ ಮೇಲೂ ಮತ್ತೆ ಕಿತ್ತುಬರುವುದುಂಟು. ಅದಕ್ಕೇ ತಿಂಗಳುಗಟ್ಟಲೆ ನಿಧಾನದ ವ್ಯಾಯಾಮ. ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿದಾಗ ವೈದ್ಯರು ಒಂದು ಜಾಣತನ ಮಾಡುವುದುಂಟು. ಚಿಪ್ಪಿನ ಕೆಳಗಿನ ರಜ್ಜಿನ ಒಂದು ಪಟ್ಟಿಯನ್ನು ಎರಡೂ ತುದಿಯ ಎಲುಬಿನ ಚೂರುಗಳ ಸಮೇತ ಕತ್ತರಿಸಿ ತೆಗೆದು ಒಳಗೆ ಕೂಡಿಸುತ್ತಾರೆ. ಎಲುಬು ಎಲುಬಿಗೆ ಬೇಗ ಕೂಡುತ್ತದೆ. ರಜ್ಜು ಎಲುಬಿಗೆ ಕೂಡುವ ಕಷ್ಟದ ಜಾಗವನ್ನು ದೇಹ ಮೊದಲೇ ಕಟ್ಟಿಟ್ಟದ್ದನ್ನೇ ಎರವಲು ಪಡೆದಂತಾಯಿತು. ಪ್ರಯೋಗಾಲಯಗಳಲ್ಲಿ ಖನಿಜ ಹಂತಹಂತವಾಗಿ ಏರುವ ಕೃತಕ ಪಟ್ಟಿಗಳನ್ನು ನೇಯುವ ಕೆಲಸ ನಡೆದಿದೆ. ದೇಹದ ನೇಯ್ಗೆಗೆ ಅವು ಇನ್ನೂ ಸಮನಾಗಿಲ್ಲ.

ಹುಡುಗರ ಕತೆ ಇದಕ್ಕಿಂತ ಸುಖದ್ದು. ಬೆಳವಣಿಗೆ ಮುಗಿಯುತ್ತ ಬಂದಂತೆ ಆ ಎಳೆಯ ಪದರ ಗಟ್ಟಿಯಾಗಿ, ತುಂಡು ಎಲುಬು ಮೂಲ ಎಲುಬಿನೊಡನೆ ಒಂದಾಗುತ್ತದೆ. ನೋವು ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಮೊಣಕಾಲಿನದಾದರೆ ಗಂಟು ಉಳಿಯಬಹುದು. ನನ್ನ ಎಡಗಾಲಿನ ಚಿಪ್ಪಿನ ಕೆಳಗೆ ಅಂಥದೊಂದಿದೆ. ಹದಿಮೂರನೆಯ ವಯಸ್ಸಿನ ಖೋಖೋ ಅದನ್ನು ಕೊಟ್ಟದ್ದು; ನರ ಬಿಡಿಸುವವರೊಬ್ಬರು ಹದಿನೈದು ದಿನ ಅದನ್ನೇ ಒತ್ತಿ ಒತ್ತಿ ಅಳಿಸಿದ್ದರು. ಈಗ ನೋಯುವುದಿಲ್ಲ. ನೆಲಕ್ಕೆ ಮೊಣಕಾಲೂರಿ ಮಂಚದ ಕೆಳಗಿನ ಚಪ್ಪಲಿ ಹುಡುಕುವಾಗ ಮಾತ್ರ ಚುರುಕ್ಕೆನ್ನುತ್ತದೆ.